ಸೆರಗನ್ನೂ ಸೇರಿಸಿ ಕೌದಿ ಹೊಲಿದುಬಿಟ್ಟೆ! ಮಷಿನ್ ಹೊಲಿಗೆಯಲ್ಲಿ ನಿಮಗೂ ಹೀಗೆ ಆಗಿದೆಯಾ?

ಸೊಪ್ಪಿನಬೆಟ್ಟ (ಶಿರಸಿ ಕಡೆ)

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಆದದ್ದನ್ನು ಇಲ್ಲಿ ಬರೆಯದೆ ಇರಲು ಆಗುತ್ತಿಲ್ಲ.

ಮಗಳ ಬಾಳಂತನಕ್ಕೆ ಒಂದು ಕೌದಿ ಹೊಲಿಯುತ್ತಿದ್ದೇನೆ. ಮೇಲೆ ಆಯಿಯ ಹಳೇ ಹತ್ತಿ ಸೀರೆ, ಕೆಳಗೆ ನನ್ನದೊಂದು, ನಡುವೆ ಮೂರು ಪದರ ಹಳೇ ಪಂಚೆ. ಮೊದಲೆಲ್ಲ ಕೈಯಲ್ಲೇ ಹೊಲಿಯುತ್ತಿದ್ದೆ. ಈಗ ಬೆರಳಿನ ಗಂಟು ನೋಯುತ್ತದೆ, ಹಾಗಾಗಿ ಕಾಲು ಮಷಿನ್. ನಿನ್ನೆ ಮಳೆ ಜೋರು. ಕರೆಂಟು ಸಂಜೆಯೇ ಹೋಗಿತ್ತು. ಊಟವಾದ ಮೇಲೆ ಚಾರ್ಜರ್ ಲೈಟು ಇಟ್ಟುಕೊಂಡು ಕೂತೆ. ಉದ್ದ ಗೆರೆ ಹೊಲಿಯುವಾಗ ಒಂದು ಹದ ಬರುತ್ತದೆ ನೋಡಿ. ಕಾಲು ತನ್ನಷ್ಟಕ್ಕೆ ತುಳಿಯುತ್ತಿರುತ್ತದೆ, ಮನಸ್ಸು ಬೇರೆಲ್ಲೋ ಇರುತ್ತದೆ. ನನ್ನ ಮನಸ್ಸು ಮಗಳ ಹತ್ತಿರ ಇತ್ತು. ನಡುವೆ ಎರಡು ಮೂರು ಸಲ ಹೆಗಲ ಹತ್ತಿರ ಜಗ್ಗಿದ ಹಾಗಾಯಿತು. ಕೌದಿಯ ಭಾರ ಅಂದುಕೊಂಡೆ.

ಹತ್ತು ಗಂಟೆಗೆ ನೀರು ಕುಡಿಯಲು ಎದ್ದೆ. ಕೌದಿಯೂ ನನ್ನ ಜೊತೆ ಎದ್ದಿತು. ದಾರದ ಉಂಡೆ ಕಳಚಿಕೊಂಡು ಉರುಳಿ ಜಗಲಿಯ ತನಕ ಹೋಯಿತು. ಲೈಟು ಹಿಡಿದು ನೋಡಿದರೆ ಸೆರಗಿನ ತುದಿ ಕೌದಿಯ ಕೆಳಗೆ ಸೇರಿಕೊಂಡಿದೆ. ಅದರ ಮೇಲೆ ನಾಲ್ಕು ಗೆರೆ ಹೊಲಿಗೆ ಬಿದ್ದಿದೆ. ನಮ್ಮನೆಯವರು ಬಂದು ನೋಡಿ ಒಂದು ನಿಮಿಷ ಮಾತೇ ಆಡಲಿಲ್ಲ. ಆಮೇಲೆ ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ಸೀರೆ ಉಟ್ಟುಕೊಂಡೇ ಬಿಚ್ಚಲು ಆಗಲಿಲ್ಲ. ಬೇರೆ ಸೀರೆ ಉಟ್ಟು, ಆ ಸೀರೆಯನ್ನು ಕೌದಿಯ ಜೊತೆಗೇ ಮಡಚಿ ಇಟ್ಟಿದ್ದೇನೆ. ಇಂಚಿಗೆ ಹತ್ತು ಹೊಲಿಗೆ ಬಿದ್ದಿದೆ. ಸೀರೆ ಹರಿಯದ ಹಾಗೆ ಬಿಚ್ಚುವುದು ಹೇಗೆ? ನಿಮಗೆ ಯಾರಿಗಾದರೂ ಹೀಗೆ ಆಗಿದ್ದರೆ ಅದನ್ನೂ ಬರೆಯಿರಿ. ಮಳೆಗಾಲ, ಓದಲು ಪುರುಸೊತ್ತಿದೆ.

ಕಾಳಿ ದಂಡೆ (ಕಾರವಾರ)

ಅಯ್ಯೋ ಅಕ್ಕ, ಓದುತ್ತಾ ನನಗೂ ನಗು ತಡೆಯಲು ಆಗಲಿಲ್ಲ. ನನಗೆ ಆದದ್ದು ಸೆರಗಲ್ಲ, ಟೇಬಲ್ ಕ್ಲಾತ್. ಕೋಡಿಬಾಗದ ಮನೆಯಲ್ಲಿ ಇರುವಾಗ ಊಟದ ಮೇಜಿನ ಮೇಲೆ ಮಷಿನ್ ಇಟ್ಟು ವಾಕಳ ಹೊಲಿಯುತ್ತಿದ್ದೆ. ನಮ್ಮ ಕೊಂಕಣಿಯಲ್ಲಿ ಹಳೇ ಸೀರೆಯ ಕೌದಿಗೆ ವಾಕಳ ಅನ್ನುತ್ತೇವೆ. ಮೇಜಿನ ಬಟ್ಟೆಯ ಒಂದು ಮೂಲೆ ಹೇಗೋ ಮಷಿನ್ನಿನ ಮೇಲೆ ಏರಿದೆ, ಕೆಳಪದರದ ಜೊತೆ ಒಳಗೆ ಹೋಗಿದೆ. ಮುಗಿಯಿತು ಅಂತ ವಾಕಳ ಎಳೆದೆ. ಉಪ್ಪಿನಕಾಯಿ ಭರಣಿ, ನೀರಿನ ಚೊಂಬು ಎಲ್ಲ ಮೆರವಣಿಗೆ ಹೊರಟ ಹಾಗೆ ನನ್ನ ಕಡೆ ಬಂದವು. ಭರಣಿಯನ್ನು ಅತ್ತೆ ಹಿಡಿದರು. ಚೊಂಬು ಬಿತ್ತು.

ಬಿಚ್ಚುವುದಕ್ಕೆ ನನಗೆ ಗೊತ್ತಿರುವುದು ಇಷ್ಟು. ಸೀರೆ ಇರುವ ಬದಿಯಿಂದ ಬಿಚ್ಚಬೇಡಿ. ಕೌದಿಯ ಬದಿಯಿಂದ ಬಿಚ್ಚಿ. ಅಲ್ಲಿ ತಪ್ಪಿ ಒಂದು ತೂತಾದರೂ ಮೇಲೊಂದು ತುಂಡು ಹಾಕಬಹುದು.

ಕಾಲು ಮಷಿನ್ (ಕುಮಟಾ)

ನಾನು 28 ವರ್ಷದಿಂದ ಟೈಲರ್. ಶರ್ಟು, ಪ್ಯಾಂಟು ಜಾಸ್ತಿ, ಮಳೆಗಾಲದಲ್ಲಿ ಕೌದಿ. ಕಾರವಾರದ ತಂಗಿ ಹೇಳಿದ್ದು ಸರಿ. ಅದರ ಜೊತೆ ಇದನ್ನೂ ಮಾಡಿ.

ಒಂದೊಂದೇ ಹೊಲಿಗೆ ಎಳೆಯುತ್ತಾ ಕೂರಬೇಡಿ. ಕೌದಿಯ ಬದಿಯಲ್ಲಿ ಪ್ರತಿ ನಾಲ್ಕನೇ ಹೊಲಿಗೆಯನ್ನು ಕತ್ತರಿಸುತ್ತಾ ಹೋಗಿ. ಸಣ್ಣ ಕೊಕ್ಕೆಯ ಹಾಗಿರುವ ಹೊಲಿಗೆ ಬಿಚ್ಚುವ ಸಾಧನ ಹೊಲಿಗೆ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಬ್ಲೇಡು ಬೇಡ, ಐದು ಪದರದಲ್ಲಿ ಅದು ಎಲ್ಲಿಗೆ ಇಳಿಯುತ್ತದೆ ಅಂತ ಕಾಣುವುದಿಲ್ಲ. ಗೆರೆ ಮುಗಿದ ಮೇಲೆ ತಿರುಗಿಸಿ, ಸೀರೆಯ ಬದಿಯ ದಾರವನ್ನು ಮೆಲ್ಲಗೆ ಎಳೆಯಿರಿ. ಇಡೀ ದಾರ ಒಂದೇ ಎಳೆಯಾಗಿ ಬಂದುಬಿಡುತ್ತದೆ. ಮೇಲಿನ ದಾರಕ್ಕೂ ಕೆಳಗಿನ ಬಾಬಿನ್ ದಾರಕ್ಕೂ ಬೇರೆ ಬೇರೆ ಬಣ್ಣ ಹಾಕಿದ್ದರೆ ಇನ್ನೂ ಸುಲಭ.

ಇನ್ನೊಂದು ಮಾತು. ಕೌದಿಗೆ ಇಂಚಿಗೆ ಹತ್ತು ಹೊಲಿಗೆ ಜಾಸ್ತಿಯಾಯಿತು ಅಕ್ಕ. ಏಳು, ಎಂಟು ಸಾಕು. ಹಳೇ ಸೀರೆಯ ನೂಲು ಮೊದಲೇ ಸೋತಿರುತ್ತದೆ. ಹತ್ತಿರ ಹತ್ತಿರ ತೂತು ಬಿದ್ದರೆ ಹೊಲಿಗೆಯ ಗೆರೆಯಲ್ಲೇ ಬಟ್ಟೆ ಬಿಡುತ್ತದೆ.

ಸೊಪ್ಪಿನಬೆಟ್ಟ

ತುಂಬಾ ಉಪಕಾರವಾಯಿತು ಅಣ್ಣ. ಶರ್ಟಿಗೆ ಇಟ್ಟ ಅಳತೆಯಲ್ಲೇ ಶುರು ಮಾಡಿದ್ದೆ, ತಿರುಗಿಸುವುದು ಮರೆತಿತ್ತು. ಇವತ್ತು ಮಧ್ಯಾಹ್ನ ಕೂರುತ್ತೇನೆ.

ಇಶಾಡ್ (ಅಂಕೋಲಾ)

ನನ್ನದು ಬಾಬಿನ್ ಕಥೆ. ನಮ್ಮದು ಹಂಚಿನ ಮನೆ, ಅಡುಗೆಮನೆ ಬದಿಗೆ ತಗಡು ಹಾಕಿದ್ದೇವೆ. ಮಷಿನ್ ಇರುವುದು ಆ ತಗಡಿನ ಕೆಳಗೆ. ಆಷಾಢದ ಮಳೆ ತಗಡಿಗೆ ಬಡಿಯುವಾಗ ಪಕ್ಕದಲ್ಲಿ ಕೂತವರ ಮಾತೂ ಕೇಳುವುದಿಲ್ಲ. ಬಾಬಿನ್ ದಾರ ಮುಗಿದರೆ ಮಷಿನ್ನಿನ ಸದ್ದು ಸ್ವಲ್ಪ ಬದಲಾಗುತ್ತದೆ ಅಲ್ವಾ? ಆ ಸದ್ದೇ ನನಗೆ ಕೇಳಿಸಲಿಲ್ಲ. ಮೇಲಿನ ದಾರ ಇದೆ, ಸೂಜಿ ಕುಣಿಯುತ್ತಿದೆ, ಬಟ್ಟೆ ಮುಂದೆ ಹೋಗುತ್ತಿದೆ. ಹೊಲಿಗೆ ಬೀಳುತ್ತಿದೆ ಅಂತಲೇ ನಂಬಿದೆ. ಆರು ಉದ್ದ ಗೆರೆ! ಒಂದೊಂದೂ ಸುಮಾರು ಎರಡು ಮೀಟರ್. ಕೌದಿ ಕೊಡವಿದಾಗ ಮೇಲಿನ ದಾರವೆಲ್ಲ ಶ್ಯಾವಿಗೆ ಹಾಗೆ ಜಾರಿ ನೆಲಕ್ಕೆ ಬಿತ್ತು. ಬಟ್ಟೆಯಲ್ಲಿ ಉಳಿದದ್ದು ಸಾಲು ಸಾಲು ತೂತು ಮಾತ್ರ.

ಆ ತೂತಿನ ಗೆರೆಯ ಮೇಲೇ ಮತ್ತೆ ಹೊಲಿದೆ. ಗುರುತು ಹಾಕುವ ಕೆಲಸವಾದರೂ ಉಳಿಯಿತು. ಈಗ ಕೌದಿಗೆ ಕೂರುವ ಮೊದಲು ನಾಲ್ಕು ಬಾಬಿನ್ ತುಂಬಿ ಇಟ್ಟುಕೊಳ್ಳುತ್ತೇನೆ. ಎರಡು ಗೆರೆಗೊಮ್ಮೆ ಕೌದಿಯನ್ನು ಎತ್ತಿ ಕೆಳಗೆ ನೋಡುತ್ತೇನೆ.

ಮೊಮ್ಮಗಳು (ಸಿದ್ದಾಪುರ)

ನಮ್ಮ ಅಮ್ಮಮ್ಮ ಹೇಳುತ್ತಿದ್ದಾರೆ, ನಾನು ಟೈಪ್ ಮಾಡುತ್ತಿದ್ದೇನೆ. ಅವರಿಗೆ 76. ಇಂದಿಗೂ ಮಷಿನ್ ತುಳಿಯುತ್ತಾರೆ.

ಅಮ್ಮಮ್ಮನಿಗೆ ಮುಖ್ಯ ಕಾಗದವನ್ನೆಲ್ಲ ಟ್ರಂಕಿನಲ್ಲಿ ಸೀರೆಯ ಮಡಿಕೆಯೊಳಗೆ ಇಡುವ ಅಭ್ಯಾಸ. ಒಂದು ವರ್ಷ ಟ್ರಂಕಿನಿಂದ ಹಳೇ ಸೀರೆ ತೆಗೆದು, ಮಡಿಕೆ ಪೂರ್ತಿ ಬಿಡಿಸದೆ ನಡುವಿನ ಪದರಕ್ಕೆ ಹಾಸಿ ಹೊಲಿದುಬಿಟ್ಟರು. ಎರಡು ತಿಂಗಳು ಕಳೆದ ಮೇಲೆ ರೇಷನ್ ಕಾರ್ಡು ಬೇಕಾಯಿತು. ಟ್ರಂಕು ಮೂರು ಸಲ ಸುರಿದರು. ದೇವರ ಕೋಣೆ ನೋಡಿದರು, ಅಟ್ಟ ನೋಡಿದರು. ಅಜ್ಜನ ಮೇಲೂ ಸಂಶಯ ಬಂತು. ಕೊನೆಗೆ ಗೊತ್ತಾದದ್ದು ಅಜ್ಜನಿಂದಲೇ. "ಈ ಕೌದಿ ಹೊದ್ದು ಮಗ್ಗುಲಾದರೆ ಸರಬರ ಅನ್ನುತ್ತದೆ, ಒಳಗೆ ಜಿರಲೆ ಇದೆಯಾ ನೋಡು" ಅಂದರಂತೆ. ಬಿಚ್ಚಿದರೆ ರೇಷನ್ ಕಾರ್ಡು! ನಡುವೆ ಮೂರು ಗೆರೆ ಸೂಜಿ ತೂತು. ಪ್ಲಾಸ್ಟಿಕ್ ಕವರು ಹಾಕಿಸಿದ್ದರಿಂದ ಹೆಸರು, ನಂಬರು ಎಲ್ಲ ಓದಲು ಬರುತ್ತಿತ್ತು. ರೇಷನ್ ಅಂಗಡಿಯವರು ಬೆಳಕಿಗೆ ಹಿಡಿದು ನೋಡಿ ಅಕ್ಕಿ ಕೊಟ್ಟರಂತೆ.

ಅಮ್ಮಮ್ಮ ಇನ್ನೊಂದು ಹೇಳಿದರು. ಹಾಸುವ ಮೊದಲು ಪ್ರತಿ ಸೀರೆಯನ್ನೂ ಪೂರ್ತಿ ಬಿಡಿಸಿ ಒಮ್ಮೆ ತೊಳೆಯಬೇಕು. ಕಾಗದ ಸಿಗುತ್ತದೆ ಅಂತ ಮಾತ್ರ ಅಲ್ಲ. ಗಂಜಿ ಇದ್ದರೆ ಬೆಳ್ಳಿಹುಳು ತಿನ್ನಲು ಬರುತ್ತದೆ.

ಕಾಳಿ ದಂಡೆ

ಅಮ್ಮಮ್ಮನಿಗೆ ನನ್ನ ನಮಸ್ಕಾರ ಹೇಳು ಪುಟ್ಟಾ. ತೊಳೆಯುವ ಮಾತಿಗೆ ನನ್ನದೂ ಒಂದು ಇದೆ. ಕೆಂಪು ಅಂಚಿನ ಇಳಕಲ್ ಸೀರೆಯನ್ನು ತೊಳೆಯದೆ ಬಿಳಿ ಪಂಚೆಯ ಪಕ್ಕಕ್ಕೆ ಹೊಲಿದೆ. ಮೊದಲ ನೀರಿಗೇ ಇಡೀ ವಾಕಳ ಗುಲಾಬಿ. ಮಗ ಈಗಲೂ ಅದನ್ನೇ ಕೇಳಿ ಹೊದೆಯುತ್ತಾನೆ. ಈಗ ಒದ್ದೆ ಬಿಳಿ ಬಟ್ಟೆಯಿಂದ ಅಂಚನ್ನು ಉಜ್ಜಿ ನೋಡುತ್ತೇನೆ. ಬಣ್ಣ ಹತ್ತಿದರೆ ಅದು ಕೌದಿಗೆ ಬೇಡ.

ಹೊಸ ಸೂಜಿ (ಹೊನ್ನಾವರ)

ನಾನು ಇಲ್ಲಿ ಹೊಸಬಳು. ಕರೆಂಟ್ ಮಷಿನ್ ತೆಗೆದುಕೊಂಡು ಮೂರು ತಿಂಗಳು. ಅಕ್ಕನ ಮಗುವಿಗೆ ಚಿಕ್ಕ ಕೌದಿ ಹೊಲಿಯುತ್ತಿದ್ದೇನೆ. ಎರಡು ತೊಂದರೆ ಇದೆ.

ಒಂದು, ಹೊಲಿಗೆ ಶುರು ಮಾಡಿದ ಕೂಡಲೇ ಬಟ್ಟೆಯ ಕೆಳಗೆ ದಾರವೆಲ್ಲ ಗುಬ್ಬಿಗೂಡಿನ ಹಾಗೆ ಮುದ್ದೆಯಾಗುತ್ತದೆ. ಮೇಲೆ ಚೆನ್ನಾಗಿಯೇ ಕಾಣುತ್ತದೆ. ಬಾಬಿನ್ ಕೆಟ್ಟಿದೆ ಅಂತ ಹೊಸ ಬಾಬಿನ್ ತಂದೆ. ಮತ್ತೆ ಅದೇ.

ಎರಡನೆಯದು, ಮೊನ್ನೆ ಯೂಟ್ಯೂಬಿನಲ್ಲಿ ಸಿದ್ದಿ ಸಮುದಾಯದ ಹೆಂಗಸರ ಕವಂದಿ, ಅಂದರೆ ಅವರ ಕೈಹೊಲಿಗೆಯ ಕೌದಿ, ನೋಡಿದೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಬಹಳ ಚಂದ ಕಂಡಿತು. ನಾನೂ ಮಷಿನ್ನಿನಲ್ಲಿ ಹಾಗೇ ಸುತ್ತಿದೆ. ನಡುವಿಗೆ ಬರುವಾಗ ಬಟ್ಟೆಯೆಲ್ಲ ಉಬ್ಬಿ ಯಾಣದ ಬಂಡೆ ಎದ್ದ ಹಾಗೆ ಎದ್ದಿತು. ಅದರ ಮೇಲೆ ಮಗುವನ್ನು ಮಲಗಿಸಲು ಆಗುವುದಿಲ್ಲ. ಎಲ್ಲಿ ತಪ್ಪಿದೆ?

ಕಾಲು ಮಷಿನ್

ತಂಗಿ, ಬಾಬಿನ್ ಕೆಟ್ಟಿಲ್ಲ. ಬಟ್ಟೆಯನ್ನು ಒತ್ತಿ ಹಿಡಿಯುವ ಫೂಟ್ ಇಳಿಸುವುದು ಮರೆತಿದ್ದೀರಿ. ತೆಳು ಬಟ್ಟೆಯಾದರೆ ಫೂಟ್ ಮೇಲಿರುವುದು ಕಣ್ಣಿಗೆ ಕಾಣುತ್ತದೆ. ಕೌದಿ ದಪ್ಪ, ಇಳಿಸದಿದ್ದರೂ ಫೂಟ್ ಬಟ್ಟೆಗೆ ತಾಗಿಕೊಂಡೇ ಇರುತ್ತದೆ. ಇಳಿಸಿದ್ದೇನೆ ಅಂತ ಅನ್ನಿಸುತ್ತದೆ. ಹಳಬರಿಗೂ ಆಗುತ್ತದೆ. ಫೂಟ್ ಮೇಲಿದ್ದರೆ ಮೇಲಿನ ದಾರವನ್ನು ಬಿಗಿ ಹಿಡಿಯುವ ಟೆನ್ಷನ್ನಿನ ಎರಡು ತಟ್ಟೆ ತೆರೆದುಕೊಂಡಿರುತ್ತವೆ. ಮೇಲಿನ ದಾರಕ್ಕೆ ಹಿಡಿತವೇ ಇಲ್ಲ. ಅದು ಬೇಕಾದಷ್ಟು ಕೆಳಗೆ ಇಳಿದು ಅಲ್ಲೇ ಮುದ್ದೆಯಾಗುತ್ತದೆ. ಕೆಳಗೆ ಮುದ್ದೆ ಕಂಡರೆ ತಪ್ಪು ಮೇಲಿನ ದಾರದ್ದು ಅಂತ ತಿಳಿಯಿರಿ. ಹಿಂದಿನ ಹಿಡಿಯನ್ನು ಕೈಯಲ್ಲಿ ಮುಟ್ಟಿ ನೋಡಿ ಶುರು ಮಾಡಿ.

ಇನ್ನು ಗುಡ್ಡ ಎದ್ದದ್ದು. ಮಷಿನ್ನಿನ ಹಲ್ಲು ಇರುವುದು ಕೆಳಗೆ. ಕೆಳಗಿನ ಪದರವನ್ನು ಅದು ಮುಂದೆ ತಳ್ಳುತ್ತದೆ. ಮೇಲಿನ ಪದರ ಫೂಟಿಗೆ ತಡೆದು ಹಿಂದೆ ಉಳಿಯುತ್ತದೆ. ಒಂದು ಗೆರೆಯಲ್ಲಿ ಕೂದಲೆಳೆಯಷ್ಟು, ಇಪ್ಪತ್ತು ಗೆರೆಗೆ ಒಂದು ಹಿಡಿ. ಅಂಚಿನಿಂದ ಒಳಗೆ ಬಂದರೆ ಆ ಹೆಚ್ಚುವರಿ ಬಟ್ಟೆಗೆ ಹೋಗಲು ಜಾಗ ಇಲ್ಲ, ನಡುವೆ ಸೇರಿಕೊಳ್ಳುತ್ತದೆ. ಮಷಿನ್ನಿನಲ್ಲಿ ಯಾವಾಗಲೂ ನಡುವಿನಿಂದ ಹೊರಗೆ ಹೋಗಬೇಕು. ಆಗ ಅದು ಅಂಚಿಗೆ ಸರಿಯುತ್ತದೆ, ಅಲ್ಲಿ ಕತ್ತರಿಸಬಹುದು. ಹೊಲಿಯುವ ಮೊದಲು ಅಂಗೈ ಅಗಲಕ್ಕೊಂದು ಕಚ್ಚಾ ಹೊಲಿಗೆ ಹಾಕಿ. ಮೇಲೂ ಹಲ್ಲಿರುವ ನಡೆಯುವ ಫೂಟ್ ಅಂತ ಬರುತ್ತದೆ, ನಿಮ್ಮ ಮಷಿನ್ನಿಗೆ ಕೂರುವುದಾದರೆ ತೆಗೆದುಕೊಳ್ಳಿ.

ಕಾಡಶಾಲೆ (ಯಲ್ಲಾಪುರ)

ಕವಂದಿಯ ಮಾತು ಬಂದದ್ದಕ್ಕೆ ಬರೆಯುತ್ತಿದ್ದೇನೆ. ನಾನು ಶಾಲೆ ಶಿಕ್ಷಕಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಮನೆಗಳಲ್ಲಿ ಕವಂದಿ ಹೊಲಿಯುವುದನ್ನು ಎಷ್ಟೋ ಸಲ ಪಕ್ಕದಲ್ಲಿ ಕೂತು ನೋಡಿದ್ದೇನೆ. ಅವರು ಅಂಚಿನಿಂದ ಒಳಗೆ ಬಂದರೂ ನಡುವೆ ಗುಡ್ಡ ಏಳುವುದಿಲ್ಲ. ಯಾಕೆ ಅಂದರೆ ಅವರು ಮೇಲಿನ ಪದರವನ್ನು ಮೊದಲೇ ಪೂರ್ತಿ ಸೇರಿಸಿ ಇಟ್ಟಿರುವುದಿಲ್ಲ. ಕೆಳಗೆ ಒಂದು ಸೀರೆ ಹಾಸಿ, ಮೇಲೆ ಒಂದೊಂದೇ ತುಂಡು ಇಡುತ್ತಾ, ಅದರ ಅಂಚು ಮಡಚುತ್ತಾ, ಹೊಲಿಯುತ್ತಾ ಬರುತ್ತಾರೆ. ಬಟ್ಟೆ ಜಾಸ್ತಿ ಅನ್ನಿಸಿದರೆ ಮುಂದಿನ ತುಂಡಿನ ಮಡಿಕೆಯಲ್ಲೇ ಸರಿ ಮಾಡುತ್ತಾರೆ. ಒಂದು ಕೈ ಮೇಲೆ, ಇನ್ನೊಂದು ಕೈ ಕೆಳಗೆ. ಕೆಳಗಿನ ಬೆರಳಿಗೆ ಎಲ್ಲ ಗೊತ್ತಾಗುತ್ತದೆ. ಸೆರಗು ಬಂದರೂ ಗೊತ್ತಾಗುತ್ತದೆ, ರೇಷನ್ ಕಾರ್ಡು ಬಂದರೂ ಗೊತ್ತಾಗುತ್ತದೆ.

ಮಷಿನ್ನಿನಲ್ಲಿ ಆ ಕೆಳಗಿನ ಕೈ ಇಲ್ಲ. ಈ ಚರ್ಚೆಯಲ್ಲಿ ಬಂದ ಕಥೆಗಳನ್ನು ನೋಡಿ. ಸೆರಗು, ಮೇಜಿನ ಬಟ್ಟೆ, ಮುಗಿದ ಬಾಬಿನ್, ದಾರದ ಮುದ್ದೆ. ಎಲ್ಲವೂ ಕೆಳಗೇ ಆದದ್ದು. ನಮ್ಮ ಕಣ್ಣು, ಕೈ ಎರಡೂ ಮೇಲೇ ಇದ್ದವು.

ಮೂಲೆಗಳಿಗೆ ಅವರು ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಹೂವು ಇಡುತ್ತಾರೆ, ಅದಕ್ಕೆ ಫೂಲಾ ಅನ್ನುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆ ಇದ್ದ ಹಾಗೆ ಅನ್ನುವ ಮಾತೂ ಇದೆ. ಹೊನ್ನಾವರದ ತಂಗಿ, ಸುತ್ತು ಹೊಲಿಗೆ ಮಷಿನ್ನಿಗೆ ಬರದಿದ್ದರೂ ಹೂವನ್ನು ನಿಮ್ಮ ಕೌದಿಗೂ ಇಡಬಹುದು. ಅದನ್ನು ಕೈಯಲ್ಲಿ ಹೊಲಿಯಿರಿ.

ಇಶಾಡ್

ಟೀಚರ್, ಇದನ್ನು ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ನಾನು ಎರಡು ಗೆರೆಗೊಮ್ಮೆ ಎತ್ತಿ ನೋಡುವುದೂ ಅದಕ್ಕೇ ಅಂತ ಈಗ ಅರ್ಥವಾಯಿತು.

ಎಲ್ಲರೂ ನೆನಪಿಡಿ, ಪದರ ಸರಿಯದ ಹಾಗೆ ಸೇಫ್ಟಿ ಪಿನ್ನು ಹಾಕಿದ ಕೌದಿಯನ್ನು ಮಳೆಗಾಲದಲ್ಲಿ ಹಾಗೇ ಬಿಟ್ಟು ಊರಿಗೆ ಹೋಗಬೇಡಿ. ನಾನು ಹದಿನೈದು ದಿನ ಬಿಟ್ಟು ಹೋಗಿದ್ದೆ. ಕರಾವಳಿಯ ಹವೆಗೆ ಎಲ್ಲ ಪಿನ್ನೂ ತುಕ್ಕು. ಬಂದು ತೆಗೆದರೆ ಬಟ್ಟೆ ತುಂಬಾ ಕಂದು ಚುಕ್ಕೆ. ತೊಳೆದರೂ ಹೋಗಲಿಲ್ಲ.

ಸೊಪ್ಪಿನಬೆಟ್ಟ

ಬಿಚ್ಚಿದೆ. ಮೂರೂವರೆ ಗಂಟೆ ಹಿಡಿಯಿತು. ಕುಮಟಾದ ಅಣ್ಣ ಹೇಳಿದ ಹಾಗೆ ನಾಲ್ಕು ಹೊಲಿಗೆಗೊಂದು ಕತ್ತರಿಸಿದೆ. ಮೂರು ಗೆರೆಯ ದಾರ ಉದ್ದಕ್ಕೆ ಬಂತು, ನೋಡಲು ಖುಷಿಯಾಯಿತು. ನಾಲ್ಕನೇ ಗೆರೆ ಬರಲಿಲ್ಲ. ಅಲ್ಲಿ ಕೊನೆಗೆ ಹಿಂದೆ ಮುಂದೆ ಮಾಡಿ ಗಟ್ಟಿ ಹೊಲಿಗೆ ಹಾಕಿದ್ದೆ. ಎಳೆಯಲು ಹೋಗಿ ಸೆರಗಿನ ಮೂಲೆಯಲ್ಲಿ ಮೂರು ಬೆರಳಗಲ ಹರಿಯಿತು.

ಸಂಜೆ ಮಗಳಿಗೆ ವಿಡಿಯೋ ಕಾಲಿನಲ್ಲಿ ತೋರಿಸಿದೆ. ಅವಳು "ಆ ಮೂಲೆ ಹಾಗೇ ಇರಲಿ ಆಯಿ, ಬಿಚ್ಚಬೇಡ" ಅಂದಳು. ಹಾಗಾಗಿ ಆ ಮೂಲೆಯನ್ನು ಕತ್ತರಿಸಿ ಕೌದಿಯಲ್ಲೇ ಬಿಟ್ಟಿದ್ದೇನೆ. ಸುತ್ತಲೂ ಮಡಚಿ ಕೈಹೊಲಿಗೆ ಹಾಕಿದೆ. ಸೆರಗಿಗೆ ಪಿಕೋ ಮಾಡಿಸಿದರೆ ಗೊತ್ತಾಗುವುದಿಲ್ಲ. ಈಗ ಮಷಿನ್ನಿಗೆ ಕೂರುವ ಮೊದಲು ಸೆರಗು ಸೊಂಟಕ್ಕೆ ಸಿಕ್ಕಿಸುತ್ತೇನೆ.

ಹೊಸ ಸೂಜಿ

ಫೂಟ್ ಇಳಿಸಿದೆ, ಮುದ್ದೆ ಹೋಯಿತು! ಹಳೇ ಹೊಲಿಗೆಯೆಲ್ಲ ಬಿಚ್ಚಿ ನಡುವಿನಿಂದ ಶುರು ಮಾಡಿದ್ದೇನೆ.

ಆದರೆ ಈಗ ಬೇರೆ ಚಿಂತೆ. ದಪ್ಪ ಇರುವಲ್ಲಿ ಮಷಿನ್ ತಡೆಯಿತು. ಹಿಂದಿನಿಂದ ಬಟ್ಟೆ ಎಳೆದೆ. ಟಕ್ ಅಂತ ಸೂಜಿ ಮುರಿಯಿತು. ಮೇಲಿನ ತುಂಡು ಮಷಿನ್ನಿನಲ್ಲಿದೆ. ಕೆಳಗಿನ ತುದಿ ಕಾಣುತ್ತಿಲ್ಲ. ನೆಲ ಗುಡಿಸಿ ನೋಡಿದೆ. ಹೊಸ ಸೂಜಿ ಹಾಕಿ ಮುಂದುವರಿಸಲಾ?

ಕಾಲು ಮಷಿನ್

ಬೇಡ. ತುದಿ ಸಿಗುವ ತನಕ ಮುಂದೆ ಹೊಲಿಯಬೇಡಿ. ಮಗುವಿನ ಕೌದಿ ಅದು.

ಕೌದಿಯನ್ನು ಮಡಚಬೇಡಿ, ಬಿಳಿ ಪಂಚೆ ಹಾಸಿ ಅದರ ಮೇಲೆ ಹರಡಿ. ಆಯಸ್ಕಾಂತ ತಂದು ಎರಡೂ ಬದಿಯಿಂದ ಮೆಲ್ಲಗೆ ಎಳೆಯಿರಿ. ಹಾಳಾದ ಸ್ಪೀಕರಿನ ಹಿಂದೆ ಇರುವ ಆಯಸ್ಕಾಂತ ಒಳ್ಳೇದು, ಬಲ ಜಾಸ್ತಿ. ಬೆರಳಿನಿಂದ ಒತ್ತಿ ಹುಡುಕಬೇಡಿ, ಚುಚ್ಚುತ್ತದೆ. ಅಲ್ಲಿ ಸಿಗದಿದ್ದರೆ ಪ್ಲಗ್ ತೆಗೆದು ಮಷಿನ್ನಿನಲ್ಲಿ ಸೂಜಿಯ ಕೆಳಗಿರುವ ತಟ್ಟೆ ಬಿಚ್ಚಿ. ಹಲ್ಲಿನ ಸಂದಿ, ಬಾಬಿನ್ ಇರುವ ಗೂಡು ನೋಡಿ.

ಕಾಡಶಾಲೆ

ತಂಗಿ, ಸಿಕ್ಕಿದ ಮೇಲೆ ತುಂಡುಗಳನ್ನು ಜೋಡಿಸಿ ಹೊಸ ಸೂಜಿಯ ಪಕ್ಕ ಇಟ್ಟು ಉದ್ದ ಸರಿ ಬರುತ್ತದಾ ನೋಡಿ. ಕೆಲವು ಸಲ ಮೂರು ತುಂಡಾಗಿರುತ್ತದೆ.

ಮೊಮ್ಮಗಳು

ಅಮ್ಮಮ್ಮ ನಾಲ್ಕು ಸಲ ಕೇಳಿದರು, "ಆ ಹುಡುಗಿಗೆ ಸೂಜಿ ಸಿಕ್ಕಿತಾ?" ಅಂತ. ಸಿಕ್ಕಿದ ಕೂಡಲೇ ಬರೆಯಿರಿ ಅಕ್ಕ.

ಹೊಸ ಸೂಜಿ

ಸಿಕ್ಕಿತು! ಕೌದಿಯಲ್ಲಿ ಇರಲಿಲ್ಲ. ಪಕ್ಕದ ಮನೆಯವರ ಹಳೇ ಸ್ಪೀಕರಿನ ಆಯಸ್ಕಾಂತ ತಂದು ಎರಡೂ ಬದಿ ಎರಡೆರಡು ಸಲ ಎಳೆದೆ. ಏನೂ ಬರಲಿಲ್ಲ. ತಟ್ಟೆ ಬಿಚ್ಚಿದರೆ ಹಲ್ಲಿನ ಕೆಳಗೆ ಬಟ್ಟೆ ದೂಳಿನ ಉಂಡೆ, ಅದರೊಳಗೆ ತುದಿ ಹೂತುಕೊಂಡಿತ್ತು. ಟೀಚರ್ ಹೇಳಿದ ಹಾಗೆ ಜೋಡಿಸಿ ನೋಡಿದೆ. ಎರಡೇ ತುಂಡು, ಉದ್ದ ಸರಿ ಇದೆ. ಅಮ್ಮಮ್ಮನಿಗೆ ಹೇಳು ಪುಟ್ಟಾ.

ಅಣ್ಣ, ಸೂಜಿ 11ನೇ ನಂಬರಿನದು ಇತ್ತು. ಮಷಿನ್ ಜೊತೆ ಬಂದದ್ದೇ. ಬೇರೆ ಹಾಕಬೇಕಾ?

ಕಾಲು ಮಷಿನ್

11 ತೆಳು ಬಟ್ಟೆಗೆ. ನಿಮ್ಮದಕ್ಕೆ 16 ಹಾಕಿ, ಇನ್ನೂ ದಪ್ಪ ಆದರೆ 18. ಹಿಂದಿನಿಂದ ಎಳೆಯಬೇಡಿ, ಎಳೆದರೆ ಸೂಜಿ ಬಾಗಿ ತಟ್ಟೆಗೆ ಬಡಿಯುತ್ತದೆ. ದಪ್ಪ ಇರುವಲ್ಲಿ ಚಕ್ರವನ್ನು ಕೈಯಿಂದ ನಿಮ್ಮ ಕಡೆಗೆ ತಿರುಗಿಸುತ್ತಾ ದಾಟಿಸಿ. ತಟ್ಟೆಯ ತೂತಿನ ಅಂಚನ್ನು ಉಗುರಿನಿಂದ ಸವರಿ ನೋಡಿ. ಗೀರು ಬಿದ್ದಿದ್ದರೆ ದಾರ ಕತ್ತರಿಸುತ್ತದೆ, ಸಣ್ಣ ಎಮರಿ ಹಾಳೆಯಲ್ಲಿ ಉಜ್ಜಿ. ದೂಳು ತೆಗೆದು ತಟ್ಟೆ ಹಾಕಿ, ಮೊದಲು ಹಳೇ ಬಟ್ಟೆಯ ಮೇಲೆ ಒಂದು ಗೆರೆ ಹೊಲಿದು ನೋಡಿ. ಫೂಟ್ ಇಳಿಸಿ.